ಸಿನಗಾಗಿಗೆ ಸುಧಾರಿಕೆಗೆ ಹೋಗಬಹುದಾ ಟೀಚರ್?

ಹೋದ ಸಂಚಿಕೆಯಲ್ಲಿ ಮಗಳ ಊರಿನ ಸಿನಗಾಗಿನಲ್ಲಿ, ಅಂದ್ರೆ ಯೆಹೂದಿಗಳ ಪ್ರಾರ್ಥನಾ ಮಂದಿರದಲ್ಲಿ, ಇಲ್ಲದವರಿಗೆ ದಿನಸಿ ಹಂಚುವ ಕೆಲಸಕ್ಕೆ ನಾನೂ ಸುಧಾರಿಕೆಗೆ, ಅಂದ್ರೆ ಕೆಲಸಕ್ಕೆ ಕೈ ಸೇರಿಸ್ಲಿಕ್ಕೆ, ಹೋಗ್ತಿದ್ದೆ ಅಂತ ಎರಡು ಸಾಲು ಬರೆದದ್ದಷ್ಟೇ, ಆಮೇಲೆ ಬಂದ ಕಾಗದ, ವಾಟ್ಸಾಪ್ ಮೆಸೇಜ್ ನೋಡಿ ಸಂಪಾದಕರು ಈ ತಿಂಗಳು ಪೂರ್ತಿ ಅದನ್ನೇ ಬರೀರಿ ಟೀಚರ್ ಅಂದ್ರು. ಮಾವಿನಮಿಡಿ ಯಾಕೆ ಮೆತ್ತಗಾಗ್ತದೆ ಅಂತ ಕೇಳಿದವರು, ಪಿಎಸ್‌ಸಿ ಕೋಚಿಂಗ್ ಬಗ್ಗೆ ಕೇಳಿದವರು ಮುಂದಿನ ತಿಂಗಳಿಗೆ ಕಾಯ್ಬೇಕು. ಕೆಲವು ಪ್ರಶ್ನೆ ತುಂಬ ಉದ್ದ ಇತ್ತು, ಸ್ವಲ್ಪ ಕತ್ತರಿಸಿದ್ದೇನೆ. ಹೆಸರು ಯಾರದ್ದೂ ಹಾಕಿಲ್ಲ.

ಪ್ರಶ್ನೆ: ಟೀಚರ್‌ಗೆ ನಮಸ್ಕಾರ. ಮಗ ನ್ಯೂಜೆರ್ಸಿಯಲ್ಲಿ ಇರುವುದು. ಬರುವ ವರ್ಷ ನಾನೂ ಇವರೂ ಪುನಃ ಹೋಗ್ಲಿಕ್ಕೆ ಉಂಟು. ಕಳೆದ ಸಲ ಮನೆ ಒಳಗೇ ಕೂತು ಕೂತು ತಲೆ ಕೆಟ್ಟುಹೋಗಿತ್ತು. ಪಕ್ಕದ ಮನೆಯ ಯೆಹೂದಿ ಅಮ್ಮ, ನಮ್ಮ ಸಿನಗಾಗಿಗೆ ಬನ್ನಿ, ತರಕಾರಿ ಕೊರೆಯುವ ಕೆಲಸ ಇರ್ತದೆ ಅಂತ ಕರೆದಿದ್ರು. ಮಗನಿಗೆ ಖುಷಿ, ಇವರಿಗೆ ಮಾತ್ರ ಮತಾಂತರ ಮಾಡಿಬಿಟ್ರೆ ಅಂತ ಹೆದರಿಕೆ. ನಮ್ದು ಶುದ್ಧ ಸಸ್ಯಾಹಾರ, ದಿನಾ ದೇವರ ಪೂಜೆ ಇರುವ ಮನೆ. ಹೋಗಬಹುದಾ? – ಬದಿಯಡ್ಕದ ಒಬ್ಬರು ಅಮ್ಮ

ಉತ್ತರ: ಧೈರ್ಯದಲ್ಲಿ ಹೋಗಿ. ಮೊದಲು ನಿಮ್ಮ ಯಜಮಾನರ ಹೆದರಿಕೆ ತೆಗೆದುಬಿಡುವ. ಬೇರೆಯವರನ್ನು ತಮ್ಮ ಮತಕ್ಕೆ ಎಳೆಯುವ ಹುರುಪು ಯೆಹೂದಿಗಳಲ್ಲಿ ಇಲ್ಲ. ನಾನಾಗಿಯೇ ಸೇರ್ತೇನೆ ಅಂತ ಹೋದವರನ್ನೂ ರಬ್ಬಿ, ಅಂದ್ರೆ ಅವರ ಗುರುಗಳು, ಮೂರು ಸಲ ಬೇಡ ಅಂತ ವಾಪಸ್ ಕಳಿಸ್ಬೇಕು ಅನ್ನುವ ಹಳೇ ವಾಡಿಕೆ ಉಂಟು, ಅದು ಕಳೆದ ಮೇಲೆ ಎಷ್ಟೋ ತಿಂಗಳ ಓದು, ಆಮೇಲೆ ಮೂರು ಜನ ಕೂತು ವಿಚಾರಣೆ. ಅಷ್ಟು ಕಷ್ಟಪಟ್ಟು ನಿಮ್ಮ ಯಜಮಾನರನ್ನು ಸೇರಿಸಿಕೊಳ್ಳುವ ಆಸೆ ಅಲ್ಲಿ ಯಾರಿಗೂ ಇರ್ಲಿಕ್ಕಿಲ್ಲ. ತಮಾಷೆಗೆ ಹೇಳಿದ್ದು, ಅವರಿಗೆ ಓದಿ ಹೇಳುವಾಗ ಈ ಸಾಲು ಬಿಟ್ಟುಬಿಡಿ.

ಊಟದ ವಿಷಯದಲ್ಲಿ ನಿಮಗಿಂತ ಅವರದ್ದು ಕಟ್ಟುನಿಟ್ಟು. ಕೋಷರ್ ಅಂತ ಕೇಳಿರಬಹುದು. ಹಂದಿ ಇಲ್ಲ, ಸಿಗಡಿ ಏಡಿ ಮರುವಾಯಿ ಯಾವುದೂ ಇಲ್ಲ, ಹಾಲಿನ ಪದಾರ್ಥವೂ ಮಾಂಸವೂ ಒಟ್ಟಿಗೆ ಬರ್ಲಿಕ್ಕಿಲ್ಲ, ಪಾತ್ರೆ ಚಮಚ ಸಹ ಬೇರೆ ಬೇರೆ. ಈ ಎರಡೆರಡು ಸೆಟ್ಟಿನ ರಗಳೆ ಬೇಡ ಅಂತ ಎಷ್ಟೋ ಸಿನಗಾಗಿನ ಅಡಿಗೆಮನೆಯಲ್ಲಿ ಮಾಂಸ ತರುವುದೇ ಇಲ್ಲ, ಹಾಲು ತರಕಾರಿಯಲ್ಲೇ ಮುಗಿಸ್ತಾರೆ. ನಿಮ್ಮ ಪಕ್ಕದ ಮನೆಯವರದ್ದು ಹೇಗೆ ಅಂತ ಮೊದಲೇ ಕೇಳಿಕೊಳ್ಳಿ, ಕೇಳಿದ್ರೆ ಬೇಜಾರು ಮಾಡುವವರಲ್ಲ, ಊಟದ ನಿಯಮ ಅಂದ್ರೆ ಎಂತ ಅಂತ ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಒಂದು ಜಾಗ್ರತೆ, ಮನೆಯಿಂದ ಎಂತದ್ದೂ ಮಾಡಿ ತಕ್ಕೊಂಡು ಹೋಗ್ಬೇಡಿ. ಪ್ರೀತಿಯಲ್ಲಿ ಹೋಳಿಗೆ ಮಾಡಿ ಕೊಂಡುಹೋದ್ರೂ ಆ ಅಡಿಗೆಮನೆ ಒಳಗೆ ಇಡ್ಲಿಕ್ಕೆ ಆಗುವುದಿಲ್ಲ, ಪಾಪ ಅವರಿಗೂ ಸಂಕಟ, ನಿಮಗೂ. ಮನೆಯ ಚೂರಿಯೂ ಬೇಡ, ಅಲ್ಲಿಯದ್ದೇ ಕೊಡ್ತಾರೆ. ಮೆಟ್ಟುಕತ್ತಿ ಸಿಗುವುದಿಲ್ಲ, ನಿಂತುಕೊಂಡೇ ಕೊರೆಯಬೇಕು, ಮಂಡಿನೋವು ಇದ್ರೆ ಸ್ಟೂಲು ಕೇಳಿ.

ನನಗೆ ತುಂಬ ಇಷ್ಟ ಆದ ಕೆಲಸ ಸೊಪ್ಪು ಸೋಸುವುದು. ಹುಳ ತಿನ್ನಲಿಕ್ಕಿಲ್ಲ ಅಂತ ಅವರ ಶಾಸ್ತ್ರದಲ್ಲೇ ಇರುವುದರಿಂದ ಒಂದೊಂದು ಎಲೆಯನ್ನೂ ನೀರಿನಲ್ಲಿ ಅದ್ದಿ ಬೆಳಕಿಗೆ ಹಿಡಿದು ಎರಡೂ ಬದಿ ನೋಡ್ತಾರೆ. ಹರಿವೆ ಬಸಳೆ ಸೋಸಿ ಅಭ್ಯಾಸ ಇರುವ ನಮ್ಮ ಕಡೆಯ ಹೆಂಗಸರನ್ನು ಆ ಮೇಜಿಗೆ ಬಿಟ್ರೆ ಯಾರೂ ಎದುರು ನಿಲ್ಲುವುದಿಲ್ಲ.

ಒಟ್ಟಾರೆ ನಮ್ಮಲ್ಲಿ ಜಂಬರದ ಮನೆಗೆ, ಅಂದ್ರೆ ಮದುವೆ ಮುಂಜಿ ಇರುವ ಮನೆಗೆ, ಸುಧಾರಿಕೆಗೆ ಹೋಗ್ತೇವಲ್ಲ, ಹಾಗೆ ಅಂತ ತಿಳ್ಕೊಂಡು ಹೋಗಿ. ಆದ್ರೆ ಒಂದು ದೊಡ್ಡ ವ್ಯತ್ಯಾಸ ಉಂಟು. ಇಲ್ಲಿ ನಾವು ತೋಚಿದಾಗ ಹೋಗಿ ಎರಡು ತೆಂಗಿನಕಾಯಿ ಹೆರೆದು ಮಾತಾಡಿ ಬಂದ್ರೂ ನಡೀತದೆ, ಅಲ್ಲಿ ಹಾಗಲ್ಲ. ಮೊದಲೇ ಪಟ್ಟಿ ಇರ್ತದೆ, ಹತ್ತರಿಂದ ಹನ್ನೆರಡು ಇಂಥವರು, ಹನ್ನೆರಡರಿಂದ ಎರಡು ಇಂಥವರು ಅಂತ. ಹೆಸರು ಕೊಟ್ರೆ ಹೋಗ್ಲೇಬೇಕು, ಆಗದಿದ್ರೆ ಮುಂಚಿನ ದಿನವೇ ಹೇಳ್ಬೇಕು. ಕೊಡುವುದು ಅನ್ನುವುದು ಅವರ ಲೆಕ್ಕದಲ್ಲಿ ನಮ್ಮ ಮನಸ್ಸು ಕರಗಿದಾಗ ಮಾಡುವ ಪುಣ್ಯದ ಕೆಲಸ ಅಲ್ಲ, ಬಾಕಿ ತೀರಿಸಿದ ಹಾಗೆ ತೀರಿಸಬೇಕಾದ್ದು. ಅದಕ್ಕೇ ನೀವು ಹೋದ್ರೂ ಅಯ್ಯೋ ಎಷ್ಟು ಒಳ್ಳೆಯವರು ನೀವು ಅಂತ ಯಾರೂ ಮೇಲೆ ಕೂರಿಸುವುದಿಲ್ಲ, ಏಪ್ರನ್ ಕೊಟ್ಟು ಈರುಳ್ಳಿ ಮುಂದೆ ನಿಲ್ಲಿಸ್ತಾರೆ. ನನಗೆ ಆ ಕ್ರಮವೇ ಹಿಡಿಸಿದ್ದು.

ಬಾಗಿಲಲ್ಲಿ ಗಾರ್ಡ್ ಇರ್ತಾನೆ, ಬ್ಯಾಗ್ ನೋಡ್ತಾನೆ, ಗುರುತಿನ ಚೀಟಿ ಕೇಳಬಹುದು, ಅವಮಾನ ಅಂತ ತಿಳ್ಕೊಳ್ಬೇಡಿ, ಅದಕ್ಕೆ ಕಾರಣ ಉಂಟು, ಮುಂದಿನ ಉತ್ತರದಲ್ಲಿ ಬರ್ತದೆ. ಪ್ರಾರ್ಥನೆಯ ಹಾಲಿಗೆ ಹೋಗುವುದಾದ್ರೆ ನಿಮ್ಮ ಯಜಮಾನರು ತಲೆ ಮೇಲೆ ಸಣ್ಣ ಟೊಪ್ಪಿ ಇಟ್ಟುಕೊಳ್ಬೇಕು, ಬಾಗಿಲ ಹತ್ರವೇ ಬುಟ್ಟಿಯಲ್ಲಿ ಇಟ್ಟಿರ್ತಾರೆ. ನಿಮಗೆ ಸೀರೆ ಧಾರಾಳ ಸಾಕು. ಮತ್ತೆ ವಿಸಿಟರ್ ವಿಸಾದಲ್ಲಿ ದುಡ್ಡಿಗೆ ಕೆಲಸ ಮಾಡ್ಲಿಕ್ಕೆ ಇಲ್ಲ, ಹಾಗಾಗಿ ಪ್ರೀತಿಗೆ ಅಂತ ಗಿಫ್ಟ್ ಕಾರ್ಡ್ ಕೊಟ್ರೂ ಕೈ ಮುಗಿದು ಬೇಡ ಅನ್ನಿ, ನಾನು ವಿಸಿಟರ್ ಅಂತ ಆಫೀಸಿನಲ್ಲಿ ಮೊದಲೇ ಹೇಳಿಬಿಡಿ.

ಪ್ರಶ್ನೆ: ನೀವು ಹೊಗಳಿದ್ದು ಓದಿದೆ. ಆದ್ರೆ ಅವರು ತಮ್ಮವರಿಗೆ ಮಾತ್ರ ಸಹಾಯ ಮಾಡುವವರಲ್ವಾ? ಎಲ್ಲ ಜಾತಿ ಸಂಘದ ಹಾಗೇ ಅಲ್ವಾ ಇದೂ? – ಕುಂಬಳೆಯ ಓದುಗರು, ನಿವೃತ್ತ ಬ್ಯಾಂಕ್ ನೌಕರರು

ಉತ್ತರ: ಹೊಗಳಿದ್ದು ಎರಡೇ ಸಾಲು ಮಾರಾಯ್ರೇ. ಪ್ರಶ್ನೆ ಮಾತ್ರ ಸರಿ ಉಂಟು.

ತಮ್ಮವರಿಗೆ ಅಂತಲೇ ಇರುವ ಟ್ರಸ್ಟು, ವೃದ್ಧಾಶ್ರಮ, ಸ್ಕಾಲರ್‌ಶಿಪ್ ಅವರಲ್ಲಿ ಬೇಕಾದಷ್ಟು ಉಂಟು. ಅವರ ತಾಲ್ಮುದ್ ಗ್ರಂಥದಲ್ಲೇ ಸರದಿ ಹೇಳಿದ್ದಾರೆ, ಮೊದಲು ನಿನ್ನ ಮನೆಯ ಬಡವ, ಆಮೇಲೆ ನಿನ್ನ ಊರಿನ ಬಡವ, ಆಮೇಲೆ ಪರವೂರಿನ ಬಡವ ಅಂತ. ಆದ್ರೆ ಅದೇ ತಾಲ್ಮುದಿನ ಇನ್ನೊಂದು ಕಡೆ, ಯೆಹೂದಿ ಬಡವರ ಜೊತೆಗೇ ಬೇರೆ ಜನಾಂಗದ ಬಡವರನ್ನೂ ಸಾಕ್ಬೇಕು, ಅವರ ರೋಗಿಗಳನ್ನೂ ನೋಡ್ಲಿಕ್ಕೆ ಹೋಗ್ಬೇಕು, ಅವರ ಹೆಣವನ್ನೂ ಮಣ್ಣು ಮಾಡ್ಬೇಕು, ಊರಲ್ಲಿ ನೆಮ್ಮದಿ ಇರ್ಲಿಕ್ಕೆ ಇದೇ ದಾರಿ ಅಂತಲೂ ಉಂಟು. ಈ ಎರಡನ್ನೂ ಹಿಡ್ಕೊಂಡು ಸಾವಿರ ವರ್ಷಕ್ಕಿಂತ ಹೆಚ್ಚು ಕಾಲ ಜಗ್ಗಾಡಿದ್ದಾರೆ, ಕೆಲವು ಸಭೆಗಳು, ಅಂದ್ರೆ ಒಟ್ಟಿಗೆ ಪ್ರಾರ್ಥನೆ ಮಾಡುವ ಗುಂಪುಗಳು, ಒಂದನೇದ್ದಕ್ಕೆ ವಾಲ್ತವೆ, ಕೆಲವು ಎರಡನೇದ್ದಕ್ಕೆ.

ಮಗಳ ಊರಿನಲ್ಲಿ ನಾನು ಹೋಗ್ತಿದ್ದ ಜಾಗದಲ್ಲಿ ದಿನಸಿ ತಕ್ಕೊಳ್ಳಲಿಕ್ಕೆ ಬರುವವರಲ್ಲಿ ಯೆಹೂದಿಗಳು ಅಪರೂಪ, ಹೆಚ್ಚಿನವರು ಸ್ಪ್ಯಾನಿಷ್ ಮಾತಾಡುವವರು. ಯಾವ ಮತ ಅಂತ ಕೇಳುವ ಕಾಲಮ್ಮೇ ಫಾರ್ಮಿನಲ್ಲಿ ಇರ್ಲಿಲ್ಲ, ಮನೆಯಲ್ಲಿ ಎಷ್ಟು ಜನ, ಮಕ್ಕಳು ಎಷ್ಟು, ಅಷ್ಟೇ.

ಕ್ರಿಸ್ಮಸ್ ದಿನದ ಕ್ರಮವೂ ಒಂದುಂಟು. ಆ ದಿನ ಕ್ರೈಸ್ತ ಕೆಲಸದವರಿಗೆ ಮನೆಯಲ್ಲಿ ಹಬ್ಬ ಮಾಡ್ಲಿಕ್ಕೆ ಆಗ್ಲಿ ಅಂತ ಅಮೇರಿಕದ ಎಷ್ಟೋ ಊರಿನಲ್ಲಿ ಸಿನಗಾಗಿನವರು ಗಂಜಿಕೇಂದ್ರ, ಆಸ್ಪತ್ರೆಗಳಲ್ಲಿ ಹೋಗಿ ಆ ಜಾಗ ತುಂಬ್ತಾರೆ. ಇದನ್ನು ನೋಡಿದಾಗ ನನಗೆ ನಮ್ಮ ಕಾಸರಗೋಡೇ ನೆನಪಾದದ್ದು, ಪೆರ್ನಾಳ್, ಅಂದ್ರೆ ಮುಸ್ಲಿಮರ ಹಬ್ಬದ ದಿನ ಆಸ್ಪತ್ರೆ ಡ್ಯೂಟಿ ನಮ್ಮವರು, ಅಷ್ಟಮಿ ದಿನ ಅವರು ಅಂತ ನರ್ಸುಗಳು ತಮ್ಮತಮ್ಮಲ್ಲೇ ಬದಲು ಮಾಡಿಕೊಳ್ಳುವುದು ಇಲ್ಲಿಯೂ ಉಂಟಲ್ಲ.

ಮತ್ತೆ ಹಯಾಸ್ ಅಂತ ಒಂದು ಸಂಸ್ಥೆ. ರಷ್ಯಾ ಕಡೆಯಿಂದ ಓಡಿಬಂದ ಯೆಹೂದಿ ನಿರಾಶ್ರಿತರಿಗೆ ನ್ಯೂಯಾರ್ಕಿನಲ್ಲಿ ಊಟ, ಮನೆ, ಕೆಲಸ ಹುಡುಕಿಕೊಡ್ಲಿಕ್ಕೆ ಶುರುವಾದದ್ದು, ನೂರು ವರ್ಷಕ್ಕಿಂತ ಹಳೇದು. ಇತ್ತೀಚಿನ ವರ್ಷಗಳಲ್ಲಿ ಅವರು ಸಹಾಯ ಮಾಡಿದ ನಿರಾಶ್ರಿತರಲ್ಲಿ ಹೆಚ್ಚಿನವರು ಯೆಹೂದಿಗಳೇ ಅಲ್ಲ, ಮುಸ್ಲಿಮರೂ ಬೇಕಾದಷ್ಟು, ಆದ್ರೂ ಕೆಲಸ ನಿಲ್ಲಿಸಿಲ್ಲ. ಇದಕ್ಕೆ ಬೆಲೆ ಕೊಟ್ಟದ್ದೂ ಉಂಟು. 2018ರ ಅಕ್ಟೋಬರ್ 27ಕ್ಕೆ ಪಿಟ್ಸ್‌ಬರ್ಗಿನ ಟ್ರೀ ಆಫ್ ಲೈಫ್ ಸಿನಗಾಗಿಗೆ ಒಬ್ಬ ಬಂದೂಕು ಹಿಡ್ಕೊಂಡು ನುಗ್ಗಿ 11 ಜನರನ್ನು ಕೊಂದ. ಹೋಗುವ ಮೊದಲು ಅವನು ಇಂಟರ್ನೆಟ್ಟಿನಲ್ಲಿ ಬೈದು ಬರೆದದ್ದು ಈ ಹಯಾಸನ್ನೇ, ಹೊರಗಿನವರನ್ನು ಒಳಗೆ ತರ್ತಾರೆ ಅಂತ. ಅದೇ ಕಟ್ಟಡದಲ್ಲಿ ಸೇರ್ತಿದ್ದ ಒಂದು ಸಭೆ ನಿರಾಶ್ರಿತರ ಪರವಾಗಿ ವಿಶೇಷ ಪ್ರಾರ್ಥನೆಗೆ ಹೆಸರು ಕೊಟ್ಟಿತ್ತು. ಬಾಗಿಲಲ್ಲಿ ಗಾರ್ಡ್ ಯಾಕೆ ಅಂತ ಬದಿಯಡ್ಕದ ಅಮ್ಮನಿಗೆ ಈಗ ಗೊತ್ತಾಯ್ತಲ್ಲ. ಮಕ್ಕಳ ಜೊತೆ ಕೆಲಸ ಮಾಡುವುದಾದ್ರೆ ಪೊಲೀಸ್ ವೆರಿಫಿಕೇಶನ್ ತರದ್ದೂ ಕೇಳ್ತಾರೆ, ಕೇಳ್ಲೇಬೇಕು.

ಪ್ರಶ್ನೆ: ಅಕ್ಕೋರ, ಶರಣ್ರಿ. ಮಗಾ ಪುಣೆದಾಗ ಕಲ್ಯಾಕ ಹೋಗ್ಯಾನ. ಅಮೇರಿಕಾದ್ದು ಬಿಡ್ರಿ, ನಮ್ಮ ಮಹಾರಾಷ್ಟ್ರದಾಗ ಈ ಮಂದಿ ಅದಾರೇನು? ಅಲ್ಲಿ ಹೋಗಿ ಸೇವಾ ಮಾಡಬಹುದೇನ್ರಿ? – ಅಕ್ಕಲಕೋಟೆಯಿಂದ ಒಬ್ಬರು

ಉತ್ತರ: ನಿಮ್ಮ ಕಾಗದ ಓದ್ಲಿಕ್ಕೆ ಎಷ್ಟು ಚಂದ ಅಣ್ಣಾ, ಕನ್ನಡವನ್ನು ಆ ಗಡಿಯಲ್ಲಿ ನೀವು ಈ ಗಡಿಯಲ್ಲಿ ನಾವು ಹಿಡ್ಕೊಂಡಿದ್ದೇವೆ.

ಇದ್ದಾರೆ. ಇಂಡಿಯಾದಲ್ಲಿ ಉಳಿದಿರುವ ಯೆಹೂದಿಗಳಲ್ಲಿ ಹೆಚ್ಚಿನವರು ನಿಮ್ಮ ರಾಜ್ಯದಲ್ಲೇ, ಬೆನೆ ಇಸ್ರೇಲ್ ಅಂತ ಹೆಸರು. ಎಲ್ಲ ಸೇರಿದ್ರೂ ಕೆಲವೇ ಸಾವಿರ, ತುಂಬ ಜನ 1950ರ ನಂತರ ಇಸ್ರೇಲಿಗೆ ಹೋದ್ರು. ಮೊದಲು ಕೊಂಕಣದ ಅಲಿಬಾಗ್, ಪೇಣ್ ಕಡೆಯ ಹಳ್ಳಿಗಳಲ್ಲಿ ಗಾಣ ಹಾಕಿ ಎಣ್ಣೆ ತೆಗೀತಿದ್ರು, ಅವರ ವಾರದ ಬಿಡುವಿನ ದಿನ ಶನಿವಾರ, ಆ ದಿನ ಗಾಣ ನಿಲ್ಲಿಸ್ತಿದ್ರಿಂದ ಊರವರು ಶನಿವಾರ ತೇಲಿ, ಅಂದ್ರೆ ಶನಿವಾರದ ಗಾಣಿಗರು, ಅಂತ ಕರೀತಿದ್ರು. ಮಾತು ಮರಾಠಿ. 2016ರಲ್ಲಿ ಮಹಾರಾಷ್ಟ್ರ ಸರಕಾರ ಅವರಿಗೆ ಅಲ್ಪಸಂಖ್ಯಾತ ಸ್ಥಾನ ಕೊಟ್ಟಿತು.

ನಿಮ್ಮ ಮಗ ಇರುವ ಪುಣೆಯಲ್ಲಿ ಕ್ಯಾಂಪ್ ಕಡೆ ಕೆಂಪು ಕಟ್ಟಡ ಒಂದುಂಟು, ಓಹೆಲ್ ಡೇವಿಡ್, ಊರವರ ಬಾಯಲ್ಲಿ ಲಾಲ್ ದೇವಳ್. ಬಗ್ದಾದಿನಿಂದ ಮುಂಬೈಗೆ ಬಂದ ವ್ಯಾಪಾರಿ ಡೇವಿಡ್ ಸಾಸೂನ್ ಕಟ್ಟಿಸ್ಲಿಕ್ಕೆ ಶುರು ಮಾಡಿದ್ದು, ಮುಗಿದದ್ದು ಅವನು ತೀರಿಹೋದ ಮೇಲೆ, 1867ರಲ್ಲಿ. ಪುಣೆಯ ಸಾಸೂನ್ ಆಸ್ಪತ್ರೆಗೆ ಸೋಲಾಪುರ ಕಡೆಯಿಂದಲೂ ಎಷ್ಟು ಜನ ರೋಗಿಗಳನ್ನು ಕೊಂಡುಹೋಗ್ತಾರಲ್ಲ, ಅದಕ್ಕೆ ದುಡ್ಡು ಕೊಟ್ಟದ್ದೂ ಆ ಮನುಷ್ಯನೇ. ಅಲ್ಲಿ ಮಲಗಿದವರಿಗೆ ಇದು ಯಾರ ಹೆಸರು ಅಂತ ಗೊತ್ತಿರುವುದಿಲ್ಲ, ಗೊತ್ತಾಗ್ಬೇಕು ಅಂತ ಏನೂ ಇಲ್ಲ. ಒಂದು ಮಾತು ಹೇಳದೆ ಇರ್ಲಿಕ್ಕೆ ಆಗುವುದಿಲ್ಲ, ಆ ಮನೆತನದ ಸಂಪತ್ತಿನಲ್ಲಿ ಚೀನಾಕ್ಕೆ ಮಾರಿದ ಅಫೀಮಿನ ದುಡ್ಡೂ ಧಾರಾಳ ಇತ್ತು. ದಾನದ ಕತೆ ಹೇಳುವಾಗ ಅದನ್ನು ಮುಚ್ಚಿಡಬಾರದು.

ನನಗೆ ಅವನಿಗಿಂತ ಹೆಚ್ಚು ಹೇಳ್ಲಿಕ್ಕೆ ಖುಷಿ ಜೆರುಶಾ ಝಿರಾಡ್ ಅವರ ಬಗ್ಗೆ. ಬೆನೆ ಇಸ್ರೇಲ್ ಹೆಣ್ಣುಮಗಳು, ಹುಟ್ಟಿದ್ದು ನಮ್ಮ ಶಿವಮೊಗ್ಗದಲ್ಲಿ! ಲಂಡನ್ನಿಗೆ ಹೋಗಿ ಹೆರಿಗೆ ಡಾಕ್ಟರಾಗಿ ಬಂದು ಮುಂಬೈಯ ಕಾಮಾ ಆಸ್ಪತ್ರೆಯ ಮುಖ್ಯಸ್ಥೆಯಾಗಿ ವರ್ಷಾನುಗಟ್ಟಲೆ ದುಡಿದವರು, 1966ರಲ್ಲಿ ಪದ್ಮಶ್ರೀ. 1925ರಲ್ಲಿ ಮುಂಬೈಯಲ್ಲಿ ಸುಧಾರಣಾವಾದಿ ಯೆಹೂದಿ ಸಭೆ ಶುರುವಾಗ್ಲಿಕ್ಕೂ ಅವರೇ ಕಾರಣ. ಗಂಡು ಡಾಕ್ಟರ ಹತ್ರ ಹೋಗ್ಲಿಕ್ಕೆ ಹೆಂಗಸರು ನಾಚುತ್ತಿದ್ದ ಕಾಲದಲ್ಲಿ ಅವರ ಕೈಯಲ್ಲಿ ಹುಟ್ಟಿದ ಮಕ್ಕಳಿಗೆ ಲೆಕ್ಕ ಎಲ್ಲಿ.

ಮಗನಿಗೆ ಹೇಳಿ, ಸೀದಾ ಹೋಗಿ ಸೇವೆ ಮಾಡ್ತೇನೆ ಅಂತ ಬಾಗಿಲಲ್ಲಿ ನಿಂತ್ರೆ ಆಗುವುದಿಲ್ಲ. 2008ರ ನವೆಂಬರಿನಲ್ಲಿ ಮುಂಬೈಯ ನರಿಮನ್ ಹೌಸ್ ಅನ್ನುವ ಯೆಹೂದಿ ಕೇಂದ್ರಕ್ಕೆ ಉಗ್ರರು ನುಗ್ಗಿದ್ದು ನೆನಪುಂಟಲ್ಲ, ಅಂದಿನಿಂದ ಪೊಲೀಸ್ ಕಾವಲು. ಕಾಲೇಜಿನ ಪ್ರೊಫೆಸರ್ ಮೂಲಕ ಕಾಗದ ಬರೆದು, ಆಧಾರ್ ಕಾಪಿ ಇಟ್ಟು, ಪರವಾನಗಿ ಬಂದ ಮೇಲೆ ಹೋಗ್ಬೇಕು. ಸಮುದಾಯ ಸಣ್ಣದು, ಮುದುಕರು ಹೆಚ್ಚು, ಮಕ್ಕಳು ವಿದೇಶದಲ್ಲಿ. ಅವರಿಗೆ ಬೇಕಾದ್ದು ಔಷಧಿ ತಂದುಕೊಡುವವರು, ಬ್ಯಾಂಕಿಗೆ ಕರ್ಕೊಂಡು ಹೋಗುವವರು. ನಿಮ್ಮ ಮಗನಿಗೆ ಮರಾಠಿ ಬರ್ತದೆ, ಅದು ದೊಡ್ಡ ಅನುಕೂಲ.

ಪ್ರಶ್ನೆ: ನಮ್ಮ ಕರಾವಳಿಯಲ್ಲಿ ಯೆಹೂದಿಗಳು ಇದ್ದರಾ ಟೀಚರ್? ನಾನು ಬಿಎ ಹಿಸ್ಟರಿ. – ಮಂಜೇಶ್ವರದ ವಿದ್ಯಾರ್ಥಿನಿ

ಉತ್ತರ: ಇದ್ರು ಮಗಾ. ಅಬ್ರಹಾಂ ಬೆನ್ ಯಿಜು ಅಂತ ಟುನೀಶಿಯಾ ಕಡೆಯ ವ್ಯಾಪಾರಿ, 12ನೇ ಶತಮಾನದಲ್ಲಿ ಮಂಗಳೂರಿನಲ್ಲಿ ವರ್ಷಗಟ್ಟಲೆ ಇದ್ದು ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆ ಇಟ್ಟಿದ್ದ, ಇಲ್ಲಿಯ ಹೆಂಗಸನ್ನೇ ಮದುವೆಯಾಗಿದ್ದ, 1149ರಲ್ಲಿ ಏಡನ್ನಿಗೆ ವಾಪಸ್ ಹೋದ. ಇದೆಲ್ಲ ಗೊತ್ತಾದದ್ದು ಕೈರೋದ ಒಂದು ಸಿನಗಾಗಿನ ಕೋಣೆಯಲ್ಲಿ ಸಿಕ್ಕಿದ ಹಳೇ ಕಾಗದಗಳಿಂದ. ದೇವರ ಹೆಸರು ಬರೆದ ಕಾಗದ ಬಿಸಾಡ್ಲಿಕ್ಕಿಲ್ಲ ಅಂತ ಅಲ್ಲಿ ತುಂಬಿಸ್ತಾ ಬಂದದ್ದು ಲಕ್ಷಗಟ್ಟಲೆ ಚೂರು. ನಮ್ಮ ಇವತ್ತಿನ ವಿಷಯಕ್ಕೆ ಬೇಕಾದ್ದು ಎಂತ ಅಂದ್ರೆ, ಅದರ ಒಳಗೆ ಬಡವರಿಗೆ ರೊಟ್ಟಿ ಹಂಚಿದ ಪಟ್ಟಿಗಳೂ ಉಂಟು, ಇಂಥವನಿಗೆ ಇಷ್ಟು, ಇಂಥ ವಿಧವೆಗೆ ಇಷ್ಟು ಅಂತ. ರೇಶನ್ ಕಾರ್ಡಿನ ರಿಜಿಸ್ಟರ್ ನೋಡಿದ ಹಾಗೇ ಕಾಣ್ತದೆ. ಹತ್ತಿರದಲ್ಲಿ ನೋಡ್ಬೇಕಾದ್ರೆ ರೈಲು ಹತ್ತಿ ಪಳಯಂಗಾಡಿಯಲ್ಲಿ ಇಳಿ, ಮಾಡಾಯಿಪಾರೆಯ ಮೇಲೆ ಜೂತಕ್ಕುಳಂ ಅಂತ ಹಳೇ ಕೆರೆ ಉಂಟು, ಮಲಯಾಳದಲ್ಲಿ ಜೂತ ಅಂದ್ರೆ ಯೆಹೂದಿ, ಹೆಸರೇ ಹೇಳ್ತದೆ ಯಾರದ್ದು ಅಂತ. ಕೊಚ್ಚಿಯ ಮಟ್ಟಂಚೇರಿಯ ಸಿನಗಾಗ್ 1568ರದ್ದು, ಅದನ್ನು ನೀನು ಕಾಲೇಜ್ ಟೂರಿನಲ್ಲಿ ನೋಡಿರ್ತೀ.

ಪ್ರಶ್ನೆ: ನಾನು ಇಸ್ರೇಲಿನಲ್ಲಿ ಕೇರ್‌ಗಿವರ್. ಒಬ್ಬರು ಅಜ್ಜಿಯನ್ನು ನೋಡಿಕೊಳ್ಳುವುದು. ಅಜ್ಜಿಗೆ ವೀಲ್‌ಚೇರ್, ವಾಕರ್, ಬಾತ್‌ರೂಮ್ ಕುರ್ಚಿ ಎಲ್ಲ ಒಂದು ಸಂಸ್ಥೆಯಿಂದ ಸುಮ್ನೆ ಕೊಟ್ರು, ಬೇಡ ಆದಾಗ ವಾಪಸ್ ಕೊಟ್ರಾಯ್ತು. ಊರಲ್ಲಿ ನನ್ನ ಅಪ್ಪನಿಗೆ ವೀಲ್‌ಚೇರಿಗೆ ನಾವು ಎಷ್ಟು ಒದ್ದಾಡಿದ್ದು! ರಜೆಯಲ್ಲಿ ಬಂದಾಗ ಉಪ್ಪಳದಲ್ಲಿ ಹೀಗೊಂದು ಮಾಡ್ಬೇಕು ಅಂತ ಆಸೆ. ಹೇಗೆ ಶುರು ಮಾಡುವುದು ಟೀಚರ್? – ಉಪ್ಪಳದ ತಂಗಿ, ಈಗ ಹೈಫಾದಲ್ಲಿ

ಉತ್ತರ: ಈ ಸಲದ ಎಲ್ಲ ಕಾಗದದಲ್ಲಿ ನನಗೆ ಹೆಚ್ಚು ಖುಷಿ ಕೊಟ್ಟದ್ದು ನಿನ್ನದು. ನೀನು ಹೇಳುವುದು ಯಾದ್ ಸಾರಾ ಇರಬೇಕು. 1976ರಲ್ಲಿ ಜೆರುಸಲೇಮಿನಲ್ಲಿ ಊರಿ ಲುಪೋಲಿಯಾನ್ಸ್ಕಿ ಅನ್ನುವವರು ಮನೆಯಿಂದ ಶುರು ಮಾಡಿದ್ದು. ಮಗುವಿಗೆ ಶೀತ ಆದಾಗ ಆವಿ ಹಿಡಿಯುವ ಮೆಶಿನ್ ಬೇಕಾಯ್ತು, ಆಮೇಲೆ ಒಂದಷ್ಟು ಮೆಶಿನ್ ತಾವೇ ತಂದಿಟ್ಟು ಅಕ್ಕಪಕ್ಕದವರಿಗೆ ಕೊಡ್ಲಿಕ್ಕೆ ಹೊರಟ್ರು. ಈಗ ದೇಶ ಪೂರ್ತಿ ನೂರಕ್ಕಿಂತ ಹೆಚ್ಚು ಶಾಖೆ, ಹೆಚ್ಚಿನ ಕೆಲಸ ಮಾಡುವುದು ಸಾವಿರಾರು ಜನ ಸಂಬಳ ಇಲ್ಲದವರು, ಅದರಲ್ಲೂ ರಿಟಯರ್ಡ್ ಆದವರು. ಶುರು ಮಾಡಿದ ಲುಪೋಲಿಯಾನ್ಸ್ಕಿ ಆಮೇಲೆ ಜೆರುಸಲೇಮಿನ ಮೇಯರೂ ಆದ್ರು.

ಇದು ಒಂದೇ ಸಂಸ್ಥೆಯ ಸಂಗತಿ ಅಲ್ಲ, ಗೆಮಾಖ್ ಅಂತ ಅಲ್ಲಿ ಗಲ್ಲಿಗಲ್ಲಿಯಲ್ಲಿ ಇರ್ತದೆ. ಒಬ್ಬರ ಮನೆಯಲ್ಲಿ ಮದುವೆ ಡ್ರೆಸ್ಸು, ಒಬ್ಬರಲ್ಲಿ ಮಡಚುವ ಕುರ್ಚಿ, ಒಬ್ಬರಲ್ಲಿ ಮಗುವಿನ ತೊಟ್ಟಿಲು, ಒಬ್ಬರಲ್ಲಿ ಬಡ್ಡಿ ಇಲ್ಲದ ಕೈಸಾಲ. 1204ರಲ್ಲಿ ತೀರಿಹೋದ ಮೈಮೊನಿಡೀಸ್ ಅನ್ನುವ ದೊಡ್ಡ ಪಂಡಿತ, ಈಜಿಪ್ಟಿನಲ್ಲಿ ವೈದ್ಯನೂ ಆಗಿದ್ದ, ಕೊಡುವುದರಲ್ಲಿ ಎಂಟು ಮೆಟ್ಟಿಲು ಹೇಳಿದ್ದಾನೆ. ಎಲ್ಲಕ್ಕಿಂತ ಕೆಳಗಿನದ್ದು ಮುಖ ಸಿಂಡರಿಸಿಕೊಂಡು ಕೊಡುವುದು. ಎಲ್ಲಕ್ಕಿಂತ ಮೇಲಿನದ್ದು ಅವನು ಇನ್ನೊಬ್ಬರ ಹತ್ರ ಕೈ ಚಾಚದ ಹಾಗೆ ಸಾಲವೋ ಕೆಲಸವೋ ವ್ಯಾಪಾರದಲ್ಲಿ ಪಾಲೋ ಕೊಟ್ಟು ನಿಲ್ಲಿಸುವುದು. ಸಾಲ ಕೊಟ್ಟದ್ದನ್ನು ವಾಪಸ್ ತರುವವನಿಗೆ ನಾಚಿಕೆ ಇರುವುದಿಲ್ಲ ನೋಡು, ವೀಲ್‌ಚೇರಿಗೂ ಅದೇ.

ಉಪ್ಪಳದಲ್ಲಿ ಮಾಡ್ಲಿಕ್ಕೆ ಹೊಸ ಸಂಘ ಕಟ್ಟುವುದು, ಉದ್ಘಾಟನೆ, ಮಂತ್ರಿ ಕರೆಸುವುದು ಬೇಡ. ಕೇರಳದಲ್ಲಿ ನಮಗೊಂದು ಭಾಗ್ಯ ಉಂಟು, ಪ್ಯಾಲಿಯೇಟಿವ್ ಕೇರ್, ಅಂದ್ರೆ ಗುಣ ಆಗದ ಕಾಯಿಲೆಯವರ ನೋವು ಕಡಿಮೆ ಮಾಡುವ ಆರೈಕೆ. 1993ರಲ್ಲಿ ಕೋಝಿಕ್ಕೋಡಿನಲ್ಲಿ ಶುರುವಾದದ್ದು, 2008ರಲ್ಲಿ ಸರಕಾರವೇ ಅದಕ್ಕೆ ನೀತಿ ಮಾಡಿತು, ಈಗ ಪಂಚಾಯತಿನ ನರ್ಸು ಹಾಸಿಗೆ ಹಿಡಿದವರ ಮನೆಮನೆಗೆ ಹೋಗ್ತಾರೆ. ಯಾರ ಮನೆಯಲ್ಲಿ ಎಂತ ಬೇಕು ಅಂತ ಆ ಸಿಸ್ಟರಿಗೆ ಬಾಯಿಪಾಠ. ಎಂಡೋಸಲ್ಫಾನ್ ಕೀಟನಾಶಕದಿಂದ ಬಳಲಿದ ಮಕ್ಕಳು ಈಗ ದೊಡ್ಡವರಾಗಿದ್ದಾರೆ, ಅಮ್ಮಂದಿರಿಗೆ ಎತ್ತಿ ಕೂರಿಸ್ಲಿಕ್ಕೆ ಕೈಲಾಗುವುದಿಲ್ಲ, ಅಂಥ ಮನೆಗಳೂ ಅವರಿಗೆ ಗೊತ್ತು. ಮೊದಲು ಅವರನ್ನು ಹೋಗಿ ಕಾಣು.

ಮತ್ತೆ ಸಾಮಾನಿನ ಚಿಂತೆ ಬೇಡ. ಅಜ್ಜ ತೀರಿಹೋದ ಮನೆಯ ಅಟ್ಟದಲ್ಲಿ ವಾಕರ್, ಏರ್ ಬೆಡ್ ಧೂಳು ತಿಂತಾ ಇರ್ತದೆ, ಕೊಡ್ಲಿಕ್ಕೆ ಮನಸ್ಸುಂಟು, ಯಾರಿಗೆ ಅಂತ ಗೊತ್ತಿಲ್ಲ. ನೀನು ಮಾಡ್ಬೇಕಾದ್ದು ಒಂದು ಕೋಣೆ, ಒಂದು ರಿಜಿಸ್ಟರ್ ಪುಸ್ತಕ, ಪ್ರತಿ ಸಾಮಾನಿಗೆ ಪೈಂಟಿನಲ್ಲಿ ನಂಬರು. ಸಣ್ಣ ಡೆಪಾಸಿಟ್ ಇಟ್ಟುಕೊಳ್ಳಿ, ಇಲ್ಲಾಂದ್ರೆ ವಾಪಸ್ ಬರುವುದೇ ಇಲ್ಲ, ಡೆಪಾಸಿಟ್ ಕೊಡ್ಲಿಕ್ಕೆ ಆಗದವರಿಗೆ ಸಿಸ್ಟರ್ ಹೇಳಿದ್ರೆ ಬಿಟ್ಟುಬಿಡಿ. ಸೈಕಲ್ ಶಾಪಿನವರನ್ನು ಒಬ್ಬರನ್ನು ಸೇರಿಸಿಕೊಳ್ಳಿ, ವೀಲ್‌ಚೇರ್ ಕೆಡುವುದು ಹೆಚ್ಚಾಗಿ ಚಕ್ರ, ಬ್ರೇ‌ಕು, ಅವರಿಗೆ ಅದು ಹತ್ತು ನಿಮಿಷದ ಕೆಲಸ. ನೀನು ಹೈಫಾಕ್ಕೆ ವಾಪಸ್ ಹೋದ ಮೇಲೆ ಕೀ ಯಾರ ಕೈಯಲ್ಲಿ ಅಂತ ಮಾತ್ರ ಮೊದಲೇ ತೀರ್ಮಾನ ಮಾಡು. ಊರಿನ ಎಷ್ಟು ಒಳ್ಳೇ ಕೆಲಸ ಕೀ ಇಟ್ಟುಕೊಂಡವರು ಮಂಗಳೂರಿಗೆ ಹೋದದ್ದರಿಂದ ನಿಂತದ್ದು!

ಪ್ರಶ್ನೆ: ನಾನು ಒಂದು ದೇವಸ್ಥಾನದ ಸೇವಾ ಸಮಿತಿಯಲ್ಲಿ ಇರುವವ. ಪ್ರತಿ ವರ್ಷ ಬಡ ಮನೆಗಳಿಗೆ ಕಿಟ್ ಕೊಡ್ತೇವೆ. ಈ ಸಲ ಫೇಸ್‌ಬುಕ್ಕಿಗೆ ಫೋಟೋ ಹಾಕಿದ್ದಕ್ಕೆ ಕಿಟ್ ತಕ್ಕೊಂಡ ಒಬ್ಬರ ಮಗ ಬಂದು ಗಲಾಟೆ ಮಾಡಿದ. ಮತ್ತೆ ಲೆಕ್ಕದ ವಿಷಯದಲ್ಲೂ ಊರವರ ಗುಸುಗುಸು. ಅವರಲ್ಲಿ ಇದೆಲ್ಲ ಹೇಗೆ? – ಮುಳ್ಳೇರಿಯ ಕಡೆಯಿಂದ

ಉತ್ತರ: ಆ ಹುಡುಗ ಮಾಡಿದ್ದು ಸರಿ. ಐದು ಕಿಲೋ ಅಕ್ಕಿಗೆ ಅಮ್ಮನ ಮುಖ ಊರಿಗೆಲ್ಲ ತೋರಿಸ್ಬೇಕಾ?

ಜೆರುಸಲೇಮಿನ ಹಳೇ ದೇವಾಲಯ, ರೋಮನರು 70ನೇ ಇಸವಿಯಲ್ಲಿ ಸುಟ್ಟದ್ದು, ಅಲ್ಲಿ ಗುಟ್ಟಿನ ಕೋಣೆ ಅಂತ ಒಂದಿತ್ತಂತೆ. ಇದ್ದವರು ಒಳಗೆ ಹೋಗಿ ಗುಟ್ಟಿನಲ್ಲಿ ಇಟ್ಟು ಬರುವುದು, ಮರ್ಯಾದಸ್ಥ ಮನೆಯ ಬಡವರು ಗುಟ್ಟಿನಲ್ಲೇ ಹೋಗಿ ತಕ್ಕೊಳ್ಳುವುದು, ಯಾರು ಇಟ್ರು ಯಾರು ತೆಗೆದ್ರು ಯಾರಿಗೂ ಗೊತ್ತಿಲ್ಲ. ತಾಲ್ಮುದಿನಲ್ಲಿ ಮಾರ್ ಉಕ್ವಾ ಅನ್ನುವವನ ಕತೆ ಇನ್ನೂ ಚಂದ. ಪಕ್ಕದ ಬಡವನ ಬಾಗಿಲ ಸಂದಿಗೆ ದಿನಾ ನಾಲ್ಕು ನಾಣ್ಯ ಹಾಕಿ ಬರ್ತಿದ್ದ. ಯಾರಪ್ಪ ಇದು ಅಂತ ಒಂದು ದಿನ ಆ ಬಡವ ಹೊರಗೆ ಬಂದ, ಇವನು, ಇವನ ಹೆಂಡತಿ ಓಡಿದ್ರು ಓಡಿದ್ರು, ಎಲ್ಲೂ ಜಾಗ ಸಿಗದೆ ಆಗಷ್ಟೇ ಬೆಂಕಿ ಬಳಿದು ತೆಗೆದ ಒಲೆಯ ಒಳಗೆ ಹೊಕ್ಕು ಅಡಗಿದ್ರು. ಕಾಲು ಸುಟ್ಟರೂ ಪರವಾಗಿಲ್ಲ, ಅವನ ಮುಖ ಕೆಳಗಾಗಬಾರದು. ನಿಮ್ಮ ಸಮಿತಿಯವರು ಫ್ಲೆಕ್ಸ್ ಹಾಕಿ ಸಾಲಾಗಿ ನಿಲ್ಲಿಸ್ತೀರಿ.

ಲೆಕ್ಕಕ್ಕೂ ಅವರಲ್ಲಿ ಹಳೇ ಕಟ್ಟಳೆ ಉಂಟು, ಮಿಶ್ನಾ ಅನ್ನುವ ಗ್ರಂಥದಲ್ಲಿ, ಸುಮಾರು 1800 ವರ್ಷ ಹಿಂದಿನದ್ದು. ಊರಿನ ನಿಧಿಯನ್ನು ಒಟ್ಟು ಮಾಡುವುದು ಇಬ್ಬರು, ಹಂಚುವುದು ಮೂವರು. ಒಬ್ಬನೇ ರಶೀದಿ ಪುಸ್ತಕ ಹಿಡ್ಕೊಂಡು ಬೈಕಿನಲ್ಲಿ ಸುತ್ತುವುದು ಇಲ್ಲವೇ ಇಲ್ಲ. ಯಾರಿಗೆ ಕೊಡ್ಬೇಕು ಅನ್ನುವುದಕ್ಕೂ ಅಳತೆ ಇಟ್ಟಿದ್ದಾರೆ, ಮನೆಯಲ್ಲಿ ಎರಡು ಹೊತ್ತಿನ ಊಟ ಇದ್ದವನು ದಿನದ ಅನ್ನದಲ್ಲಿ ಕೈ ಹಾಕಬಾರದು, 14 ಹೊತ್ತಿನದ್ದು ಇದ್ದವನು ವಾರದ ನಿಧಿಯಿಂದ ತಕ್ಕೊಳ್ಳಬಾರದು. ನಿಮ್ಮಲ್ಲಿ ಯಾರಿಗೆ ಕಿಟ್ ಅಂತ ತೀರ್ಮಾನ ಮಾಡುವುದು ಪ್ರೆಸಿಡೆಂಟರ ತಲೆಗೆ ಯಾರು ನೆನಪಾದ್ರೋ ಅವರಿಗೆ, ಅಲ್ವಾ? ಬರೆದಿಟ್ಟ ಅಳತೆ ಒಂದಿದ್ರೆ ಅರ್ಧ ಗುಸುಗುಸು ಅಲ್ಲೇ ನಿಲ್ತದೆ.

ದುಡ್ಡು ಒಟ್ಟು ಮಾಡ್ಲಿಕ್ಕೆ ಎರಡು ಉಪಾಯ ಹೇಳ್ತೇನೆ, ಬೇಕಾದ್ರೆ ಕದ್ದುಕೊಳ್ಳಿ. ಅಮೇರಿಕದ ಸುಮಾರು ಸಿನಗಾಗಿನಲ್ಲಿ ಸೆಪ್ಟೆಂಬರ್ ಅಕ್ಟೋಬರ್ ಹೊತ್ತಿನ ಅವರ ಹೊಸವರ್ಷದ ದಿನ ಎಲ್ಲರಿಗೂ ಖಾಲಿ ಚೀಲ ಕೊಟ್ಟು ಕಳಿಸ್ತಾರೆ. ಹತ್ತನೇ ದಿನ ಯೋಮ್ ಕಿಪ್ಪುರ್, ಸುಮಾರು 25 ಗಂಟೆ ನೀರೂ ಕುಡಿಯದ ಉಪವಾಸ. ತಾವು ತಿನ್ನದ ಆ ಹೊತ್ತಿಗೆ ಚೀಲ ತುಂಬಿಸಿ ತಂದು ಒಪ್ಪಿಸುವುದು. ನಿಮ್ಮಲ್ಲಿ ನವರಾತ್ರಿಯ ಮೊದಲ ದಿನ ಚೀಲ ಕೊಟ್ಟು ನೋಡಿ, ಮೇಲೆ ಬೇಕಾದ ಸಾಮಾನಿನ ಪಟ್ಟಿ ಅಂಟಿಸಿ, ಇಲ್ಲಾಂದ್ರೆ ಎಲ್ಲರೂ ಸಕ್ಕರೆಯನ್ನೇ ತರ್ತಾರೆ. ಇನ್ನೊಂದು, 1985ರಲ್ಲಿ ಶುರುವಾದ ಮಜೋನ್ ಅನ್ನುವ ಸಂಸ್ಥೆಯವರ ಉಪಾಯ, ಮದುವೆ ಮುಂಜಿಯ ಖರ್ಚಿನಲ್ಲಿ ನೂರಕ್ಕೆ 3 ಹಸಿದವರಿಗೆ ತೆಗೆದಿಡುವುದು. 5 ಲಕ್ಷದ ಮದುವೆಗೆ 15 ಸಾವಿರ. ಐಸ್‌ಕ್ರೀಮ್ ಕೌಂಟರಿಗೇ ಅದಕ್ಕಿಂತ ಹೆಚ್ಚು ಹೋಗ್ತದೆ ಈಗ.

ಪ್ರಶ್ನೆ: ಲಂಡನ್ನಿನಲ್ಲಿ ನಮ್ಮ ಕೆಳಗಿನ ಫ್ಲಾಟಿನ ಯೆಹೂದಿ ಅಜ್ಜ ತೀರಿಹೋದ್ರು, ಅವರ ಹೆಂಡತಿಗೆ ನಮ್ಮ ಮೇಲೆ ತುಂಬ ಪ್ರೀತಿ. ಹೋಗುವಾಗ ಎಂತ ಕೊಂಡುಹೋಗುವುದು? – ನೀರ್ಚಾಲಿನವಳು

ಉತ್ತರ: ಹೂ ಬೇಡ, ಅವರಲ್ಲಿ ಸಾವಿನ ಮನೆಗೆ ಹೂ ಕೊಂಡುಹೋಗುವ ಕ್ರಮ ಇಲ್ಲ. ಮಣ್ಣು ಮಾಡಿದ ಮೇಲೆ ಏಳು ದಿನ ಮನೆಯವರು ತಗ್ಗಿನ ಸ್ಟೂಲಿನಲ್ಲಿ ಕೂತಿರ್ತಾರೆ, ಒಲೆ ಹಚ್ಚುವ ಜವಾಬ್ದಾರಿ ಅಕ್ಕಪಕ್ಕದವರದ್ದು, ಮೊದಲ ಊಟ ಮೊಟ್ಟೆ, ಬೇಳೆ ಇಂಥದ್ದು. ಸಿನಗಾಗಿನವರು ಊಟದ ಪಾಳಿ ಹಾಕಿರ್ತಾರೆ, ಫೋನು ಮಾಡಿ ಕೋಷರ್ ಅಂಗಡಿಯಿಂದ ಕಟ್ಟಿದ ಹಣ್ಣು ತರಬಹುದಾ ಕೇಳು. ಬಾಗಿಲು ತೆರೆದೇ ಇರ್ತದೆ, ಬೆಲ್ ಹೊಡೀಬೇಡ, ಸುಮ್ನೆ ಹೋಗಿ ಕೂತ್ಕೊ, ಅಜ್ಜಿ ಮಾತಾಡುವ ತನಕ ನೀನೂ ಮಾತಾಡ್ಬೇಡ. ಹೆಣ ತೊಳೆದು ಬಿಳಿ ಬಟ್ಟೆ ಸುತ್ತುವ ಕೆಲಸಕ್ಕೆ ಅವರಲ್ಲೇ ಒಂದು ಗುಂಪು ಇರ್ತದೆ, ಅದು ಅವರವರಿಗೇ ಬಿಟ್ಟದ್ದು, ಸೇರ್ತೇನೆ ಅಂತ ಹೋಗ್ಬೇಡ. ಆ ಬಿಳಿ ಬಟ್ಟೆ ಎಲ್ಲರಿಗೂ ಒಂದೇ ತರ. ಒಂದು ಕಾಲದಲ್ಲಿ ಹೆಣದ ಅಲಂಕಾರದ ಖರ್ಚಿಗೆ ಹೆದರಿ ಮನೆಯವರೇ ಬಿಟ್ಟು ಓಡ್ತಿದ್ರಂತೆ, ರಬ್ಬಾನ್ ಗಮಾಲಿಯೇಲ್ ಅನ್ನುವ ದೊಡ್ಡ ಗುರುಗಳು ನನ್ನನ್ನು ಸಾದಾ ನಾರುಬಟ್ಟೆಯಲ್ಲೇ ಮಣ್ಣು ಮಾಡಿ ಅಂತ ಹೇಳಿದ ಮೇಲೆ ಎಲ್ಲರೂ ಅದನ್ನೇ ಹಿಡಿದ್ರು. ಏಳು ದಿನ ಕಳೆದ ಮೇಲೆ ಯಾರೂ ಬರುವುದಿಲ್ಲ, ಅಜ್ಜಿಗೆ ನೀನು ಬೇಕಾಗುವುದು ಎಂಟನೇ ದಿನದಿಂದ.

ಪ್ರಶ್ನೆ: ಮಿಸ್, ಎಂಎಸ್ ಮಾಡ್ಲಿಕ್ಕೆ ಬೋಸ್ಟನ್ನಿಗೆ ಹೋಗ್ತಾ ಇದ್ದೇನೆ. ಸಿನಗಾಗಿನಲ್ಲಿ ವಾಲಂಟಿಯರ್ ಮಾಡಿದ್ರೆ ಸರ್ಟಿಫಿಕೇಟ್ ಸಿಗ್ತದಾ? ರೆಸ್ಯೂಮಿಗೆ ಬೇಕಿತ್ತು. – ಕಾಸರಗೋಡು ನಗರದ ಹುಡುಗ

ಉತ್ತರ: ನಿನ್ನ ಪ್ರಾಮಾಣಿಕತೆ ಮೆಚ್ಚಿದೆ. ಕೇಳಿದ್ರೆ ಲೆಟರ್‌ಹೆಡ್ಡಿನಲ್ಲಿ ಬರೆದು ಕೊಡ್ತಾರೆ, ಎಷ್ಟು ಗಂಟೆ ಬಂದಿದ್ದೀಯೋ ಅಷ್ಟೇ ಬರೀತಾರೆ, ಜಾಸ್ತಿ ಹಾಕಿ ಅಂದ್ರೆ ಹಾಕುವುದಿಲ್ಲ. ಅವರ ಮಕ್ಕಳೇ 13 ವರ್ಷಕ್ಕೆ ಬಾರ್ ಮಿಟ್ಸ್ವಾ, ಅಂದ್ರೆ ಧರ್ಮದ ಲೆಕ್ಕದಲ್ಲಿ ದೊಡ್ಡವರ ಸಾಲಿಗೆ ಸೇರುವ ಕ್ರಮ, ಆಗುವ ಮೊದಲು ಎಷ್ಟೋ ಕಡೆ ಒಂದು ಸೇವಾ ಪ್ರಾಜೆಕ್ಟ್ ಮಾಡಿ ತೋರಿಸ್ಬೇಕು, ನಿನ್ನ ಪಕ್ಕದಲ್ಲಿ ಡಬ್ಬಿ ಜೋಡಿಸುವವನು ಏಳನೇ ಕ್ಲಾಸಿನ ಪೋರ ಆಗಿರ್ತಾನೆ, ಅವನು ಹೇಳಿದ ಹಾಗೆ ಕೇಳು. ಕಾಗದ ಬೇಕಾದ್ರೆ ಸೋಮವಾರದಿಂದ ಗುರುವಾರದ ಒಳಗೆ ಆಫೀಸಿಗೆ ಹೋಗು. ಶುಕ್ರವಾರ ಮಧ್ಯಾಹ್ನ ಎಲ್ಲರೂ ಗಡಿಬಿಡಿಯಲ್ಲಿ ಇರ್ತಾರೆ, ಶನಿವಾರ ಆಫೀಸೇ ಇಲ್ಲ, ಸಂಪ್ರದಾಯಸ್ಥರಾದ್ರೆ ಆ ದಿನ ಪೆನ್ನೂ ಮುಟ್ಟುವುದಿಲ್ಲ.